ಡಬಲ್ ಕ್ಲಿಕ್ ಮತ್ತು ಕಲ್ಲಮನೆ

"ಒಂದು ಗುಂಡಿ ಒತ್ತಿದರೆ ಸಾಕು" ಎಂದು ಯಾರಾದರೂ ಕಂಪ್ಯೂಟರಿನ ಬಗ್ಗೆ ಹೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅಂಥ ಒಂದು ಗುಂಡಿಯನ್ನು ನಾನೇ ಕೈಯಾರೆ ಮಾಡಿಟ್ಟು, ಅದರಿಂದಾಗಿ ಒಂದು ಮನೆಯವರ ಎದುರು ತಲೆ ತಗ್ಗಿಸಿ ನಿಂತವಳು ನಾನು.

ತೊಂಬತ್ತರ ದಶಕದ ಕೊನೆಗೆ ಬಂಟ್ವಾಳದ ಒಂದು ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಸೀಸದ ಅಚ್ಚಿನ ಮೊಳೆಗಳನ್ನು ಆಗಲೇ ಗೋಣಿಯಲ್ಲಿ ಕಟ್ಟಿ ಮೂಲೆಗೆ ಇಟ್ಟಾಗಿತ್ತು. ಗಾಜಿನ ಕೋಣೆಯೊಂದರಲ್ಲಿ ಎರಡು ಕಂಪ್ಯೂಟರು, ಹೊರಗೆ ಒಂದು ಆಫ್‌ಸೆಟ್ ಯಂತ್ರ. ನಮ್ಮ ಧಣಿ ದುಬಾಯಿಯ ಒಂದು ಪ್ರೆಸ್ಸಿನಲ್ಲಿ ಹನ್ನೆರಡು ವರ್ಷ ದುಡಿದು ಬಂದ ಬ್ಯಾರಿಗಳು. ಒಳ್ಳೆಯ ಮನುಷ್ಯ. ಯಂತ್ರದ ಶಬ್ದ ಕೇಳಿಯೇ ಎಲ್ಲಿ ಬೋಲ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದರು. ಆದರೆ ಕಂಪ್ಯೂಟರಿನಲ್ಲಿ ಚಿತ್ರವಿಲ್ಲದ ಪರದೆ ಕಂಡರೆ ಅವರಿಗೆ ಭಯ.

ಎರಡು ಸಾವಿರದ ಮೂರರ ಸುಮಾರಿಗೆ ನಮ್ಮಲ್ಲಿಗೆ ವಾಮದಪದವಿನ ಕಡೆಯ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಬರತೊಡಗಿದರು. ಊರಿನವರೆಲ್ಲ ಪೋಸ್ಟಣ್ಣ ಎಂದೇ ಕರೆಯುತ್ತಿದ್ದ ಅವರು ಮೂವತ್ತು ವರ್ಷ ಗುಡ್ಡ, ಬೈಲು, ಕಾಲುಸಂಕ ದಾಟಿ ಕಾಗದ ಹಂಚಿದವರು. ಹಂಚುತ್ತ ಹಂಚುತ್ತ ಪ್ರತಿಯೊಂದು ಮನೆಯ ಹೆಸರನ್ನೂ ಆ ಹೆಸರು ಯಾಕೆ ಬಂತೆಂಬುದನ್ನೂ ಬರೆದಿಟ್ಟಿದ್ದರು. ಮದುವೆ ಕಾಗದಗಳನ್ನು ಕತ್ತರಿಸಿ ಅವುಗಳ ಖಾಲಿ ಬೆನ್ನಿನಲ್ಲಿ ಬರೆದ ಚೀಟಿಗಳು. ಎರಡು ಬಿಸ್ಕತ್ತಿನ ಡಬ್ಬ ತುಂಬ. ನೆಲ್ಲಿಗುಡ್ಡೆ, ಮಲ್ಲಿಗೆಮಾರು, ಕೈಕಂಬಳ, ಪಲ್ಕೆ, ಹೀಗೆ ಸಾವಿರಕ್ಕೂ ಹೆಚ್ಚು. "ಇದನ್ನು ಪುಸ್ತಕ ಮಾಡುವ ಮಗಾ," ಎಂದರು ನನ್ನೊಡನೆ. "ನಾನು ಹೋದ ಮೇಲೆ ಈ ಡಬ್ಬ ಒಲೆಗೆ ಹೋಗ್ತದೆ."

ಟೈಪು ಮಾಡುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸುವುದು. ಆಗ ನಾವು ಬಳಸುತ್ತಿದ್ದ ಫಾಂಟು ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಯಂತ್ರದ ಮಟ್ಟಿಗೆ ಅದು ಇಂಗ್ಲಿಷ್ ಅಕ್ಷರಗಳಿಗೆ ತೊಡಿಸಿದ ಕನ್ನಡದ ಅಂಗಿ. ಜೋಡಿಸು ಎಂದರೆ ಅದು 'ಕ'ವನ್ನು ಎಲ್ಲಿಗೋ 'ಕೈ'ಯನ್ನು ಇನ್ನೆಲ್ಲಿಗೋ ಎಸೆಯುತ್ತಿತ್ತು. ಸಾವಿರ ಚೀಟಿಯನ್ನು ಕೈಯಲ್ಲಿ ಜೋಡಿಸಿ ಮುಗಿಸುವಷ್ಟರಲ್ಲಿ ಪೋಸ್ಟಣ್ಣ ಮತ್ತೆ ಹತ್ತು ಚೀಟಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು.

ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಮೇಡಮ್ಮೊಬ್ಬರ ಪರಿಚಯ ಧಣಿಗಿತ್ತು. ಸಿದ್ಧಕಟ್ಟೆಯ ಬಸ್ಸು ಹತ್ತಿ ನಾನೇ ಹೋಗಿ ವಿಷಯ ಹೇಳಿದೆ. ಅವರು ಊಟದ ಬಿಡುವಿನಲ್ಲೇ ಕೂತು ವಾರದೊಳಗೆ ಒಂದು ಸಣ್ಣ ಪ್ರೋಗ್ರಾಂ ಬರೆದು ಫ್ಲಾಪಿಯಲ್ಲಿ ಕೊಟ್ಟರು. ಅದಕ್ಕೆ ಚಿತ್ರವಿಲ್ಲ, ಬಟನ್ನಿಲ್ಲ. ಕಪ್ಪು ಕಿಟಕಿಯೊಂದನ್ನು ತೆರೆದು ಪ್ರೋಗ್ರಾಮಿನ ಹೆಸರು, ನಮ್ಮ ಕಡತದ ಹೆಸರು, ಫಲಿತಾಂಶ ಬರೆಯಬೇಕಾದ ಕಡತದ ಹೆಸರು, ಈ ಮೂರನ್ನು ಟೈಪು ಮಾಡಬೇಕು. ಮನೆಯ ಹೆಸರನ್ನು ಅದು ಅಕ್ಷರ ಅಕ್ಷರವಾಗಿ ಬಿಡಿಸಿ, ಕ್ರಮದಲ್ಲಿ ಜೋಡಿಸಿ, ಮತ್ತೆ ಕೂಡಿಸಿ ಕೊಡುತ್ತಿತ್ತು. ಕೆಳಗಿನ ವಿವರವನ್ನು ಮುಟ್ಟುತ್ತಿರಲಿಲ್ಲ. ನಾನು ಮಾಡಿ ನೋಡಿದೆ. ಉಸಿರು ಬಿಡುವಷ್ಟರಲ್ಲಿ ಇಡೀ ಪಟ್ಟಿ ಅಕಾರಾದಿಯಲ್ಲಿ ನಿಂತಿತು. ಅವತ್ತು ಅಲ್ಲಿಗೇ ನಿಲ್ಲಿಸಬೇಕಿತ್ತು.

ಆದರೆ ನಾನು ರಜೆ ಹಾಕಿದ ದಿನ ಧಣಿಯೇ ಆ ಕೆಲಸ ಮಾಡಬೇಕಾಯಿತು. ಮೂರು ಹೆಸರನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿ ಹೋಗಿದ್ದೆ. ಮರುದಿನ ಬಂದಾಗ ಅವರ ಮುಖ ಕೆಂಪಾಗಿತ್ತು.

"ಇದು ನನ್ನತ್ರ ಜಗಳ ಮಾಡ್ತದೆ ಮಾರಾಯ್ತಿ. ನಾನು ಎಂತ ಬರೆದರೂ ಇಂಗ್ಲಿಷಲ್ಲಿ ಬಯ್ತದೆ. ವೈರಸ್ ಬಂದ ಹಾಗೆ ಉಂಟು, ಆ ಕಪ್ಪು."

"ಎರಡು ಹೆಸರಿನ ಮಧ್ಯೆ ಜಾಗ ಬಿಟ್ಟಿದ್ದೀರಾ ಧಣಿ?"

"ಜಾಗ ಬಿಡುವುದು, ಗೆರೆ ಹಾಕುವುದು, ಅದೆಲ್ಲ ನನಗೆ ಬೇಡ. ಡೆಸ್ಕ್‌ಟಾಪಿನಲ್ಲಿ ಒಂದು ಗುಂಡಿ ಮಾಡಿ ಕೊಡು. ಡಬಲ್ ಕ್ಲಿಕ್ ಮಾಡಿದರೆ ಕೆಲಸ ಆಗಬೇಕು. ಅಷ್ಟೇ."

ಸಂಜೆಯ ತರಗತಿಯೊಂದರಲ್ಲಿ ಸ್ಕ್ರಿಪ್ಟ್ ಬರೆಯುವುದನ್ನು ಅರ್ಧಂಬರ್ಧ ಕಲಿತಿದ್ದೆ. ಅರ್ಧ ಕಲಿತವರಿಗೆ ಇರುವ ಧೈರ್ಯ ಪೂರ್ತಿ ಕಲಿತವರಿಗೆ ಇರುವುದಿಲ್ಲ. 'ಇಂಥ ಪ್ರೋಗ್ರಾಮನ್ನು ಓಡಿಸು' ಎಂದು ನಾಲ್ಕು ಸಾಲು ಬರೆದು ಡೆಸ್ಕ್‌ಟಾಪಿನಲ್ಲಿಟ್ಟು ಡಬಲ್ ಕ್ಲಿಕ್ ಮಾಡಿದೆ. ಕಪ್ಪು ಕಿಟಕಿ ಫಕ್ಕನೆ ತೆರೆದುಕೊಂಡಿತು, ಫಕ್ಕನೆ ಮುಚ್ಚಿಕೊಂಡಿತು. ಫಲಿತಾಂಶದ ಕಡತ ಇಲ್ಲ. ಕಿಟಕಿಯಲ್ಲಿ ಏನೋ ಒಂದು ಸಾಲು ಬರೆದಿತ್ತು, ಓದಲು ಸಮಯ ಸಿಗಲಿಲ್ಲ. ಮತ್ತೆ ಕ್ಲಿಕ್ ಮಾಡಿದೆ. ಮತ್ತೆ ಮಾಯ. ಕಣ್ಣು ಮಿಟುಕಿಸದೆ ಕೂತು ಒಂದು ಸಲಕ್ಕೆ ಒಂದು ಶಬ್ದದಂತೆ ಓದಿದೆ. ಏಳನೆಯ ಸಲಕ್ಕೆ ಗೊತ್ತಾಯಿತು, ಕಡತ ಸಿಗಲಿಲ್ಲ ಎಂದು ಅದು ಹೇಳುತ್ತಿತ್ತು. ಕಡತ ಅಲ್ಲೇ ಉಂಟಲ್ಲ, ಕಣ್ಣಿಗೆ ಕಾಣುತ್ತದಲ್ಲ ಎಂದು ಕಂಪ್ಯೂಟರಿನೊಡನೆ ನಾನೂ ಜಗಳಕ್ಕೆ ನಿಂತೆ. ಅರ್ಧ ದಿನ ಹಾಳಾದ ಮೇಲೆ ಹೊಳೆಯಿತು. ನಾನು ಕೈಯಲ್ಲಿ ಓಡಿಸುವಾಗ ಮೊದಲು ಕಡತವಿದ್ದ ಫೋಲ್ಡರಿಗೆ ಹೋಗಿ ಅಲ್ಲಿಂದ ಓಡಿಸುತ್ತಿದ್ದೆ. ಸ್ಕ್ರಿಪ್ಟ್ ಇದ್ದದ್ದು ಡೆಸ್ಕ್‌ಟಾಪಿನಲ್ಲಿ, ಅದು ಡೆಸ್ಕ್‌ಟಾಪಿನಲ್ಲೇ ಹುಡುಕುತ್ತಿತ್ತು.

ಪೂರ್ತಿ ದಾರಿ ಬರೆದು ಕೊಟ್ಟೆ. ಆಗಲೂ ಇಲ್ಲ. ಧಣಿ ಫೋಲ್ಡರಿಗೆ 'ಪೋಸ್ಟಣ್ಣ ಬುಕ್' ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದರು, ಮಧ್ಯೆ ಜಾಗ ಬಿಟ್ಟು. ಪ್ರೋಗ್ರಾಂ 'ಪೋಸ್ಟಣ್ಣ' ಎಂಬಲ್ಲಿಗೇ ನಿಂತು ಅಂಥ ಕಡತ ಇಲ್ಲ ಎನ್ನುತ್ತಿತ್ತು. ಜಾಗವಿದ್ದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬೇಕು, ಆದರೆ ಇಡೀ ಕಮಾಂಡೇ ಒಂದು ಉದ್ಧರಣ ಚಿಹ್ನೆಯೊಳಗೆ ಇರುತ್ತದೆ, ಹಾಗಾಗಿ ಒಳಗಿನದ್ದನ್ನು ಎರಡೆರಡು ಸಲ ಹಾಕಬೇಕು. ಒಂದು ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು. ಇರುವೆಗಳ ಸಾಲಿನಂತಿದ್ದ ಆ ಚಿಹ್ನೆಗಳನ್ನು ಎಣಿಸಿ ಎಣಿಸಿ ಸಾಕಾಗಿ, ಪ್ರೋಗ್ರಾಮಿನ ಒಂದು ಪ್ರತಿಯನ್ನೇ ತೆಗೆದು, ಜಾಗವಿಲ್ಲದ ಸಣ್ಣ ಹೆಸರಿನ ಬೇರೊಂದು ಫೋಲ್ಡರಿಗೆ ಹಾಕಿದೆ. ಪಟ್ಟಿಯ ಕಡತವನ್ನು ಪ್ರತಿಸಲ ಅಲ್ಲಿಗೆ ನಕಲು ಮಾಡಿಕೊಳ್ಳುವಂತೆ ಬರೆದು, ಸ್ಕ್ರಿಪ್ಟಿಗೆ ಆ ದಾರಿಯನ್ನೇ ಕೊಟ್ಟೆ. ಹೀಗೆ ಒಂದೇ ಪ್ರೋಗ್ರಾಂ ಎರಡು ಕಡೆ ಕೂತಿತು.

ಅಷ್ಟಾದರೂ ಮುಗಿಯಲಿಲ್ಲ. ಕೆಲಸ ಮುಗಿಯುವವರೆಗೆ ಕಾಯಬೇಕೆಂದು ಸ್ಕ್ರಿಪ್ಟಿಗೆ ಯಾರೂ ಹೇಳಿರಲಿಲ್ಲ. ಅದು ಪ್ರೋಗ್ರಾಮನ್ನು ಓಡಲು ಬಿಟ್ಟು, ತಾನು ಮುಂದೆ ಹೋಗಿ ಖಾಲಿ ಕಡತವನ್ನು ಪುಟಕ್ಕೆ ಸುರಿದು 'ಆಯಿತು' ಎಂದು ಹೇಳುತ್ತಿತ್ತು. ಮೂಡುಬಿದಿರೆಗೆ ಫೋನು ಮಾಡಿದೆ. ಮೇಡಂ ತಾಳ್ಮೆಯಿಂದಲೇ ಕೇಳಿ, "ನನ್ನ ಪ್ರೋಗ್ರಾಂ ಸರಿ ಉಂಟಲ್ಲ? ಮೂರು ಶಬ್ದ ಟೈಪು ಮಾಡ್ಲಿಕ್ಕೆ ನಿಮಗೆ ಎಂತ ಕಷ್ಟ?" ಎಂದರು. ಕಷ್ಟ ನನಗಲ್ಲ ಎಂದು ಹೇಳಲು ಹೊರಟರೆ ಎದುರಿಗೆ ಧಣಿ ನಿಂತಿದ್ದರು.

ಎರಡು ವಾರದ ಮೇಲೆ ಗುಂಡಿ ಕೆಲಸ ಮಾಡಿತು. ಧಣಿ ಡಬಲ್ ಕ್ಲಿಕ್ ಮಾಡಿ, ಪಟ್ಟಿ ಬಂದದ್ದು ನೋಡಿ, ಯಂತ್ರದ ಹತ್ತಿರವಿದ್ದವರನ್ನೆಲ್ಲ ಕರೆದು ಇನ್ನೊಮ್ಮೆ ಮಾಡಿ ತೋರಿಸಿದರು.

ಮೊದಲ ಪ್ರೂಫನ್ನು ಪೋಸ್ಟಣ್ಣ ಮನೆಗೆ ಒಯ್ದು ಓದಿದರು. ನಾಲ್ಕನೆಯ ದಿನ ಬಂದು ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟು ಒಂದು ಹೆಸರಿನ ಕೆಳಗೆ ಬೆರಳಿಟ್ಟರು. ಕಳ್ಳಮನೆ.

"ಇದು ಕಲ್ಲಮನೆ," ಎಂದರು. ಅವರ ದನಿ ಸಣ್ಣದಾಗಿತ್ತು.

ನಾನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ನೆಲ್ಲಿಗುಡ್ಡೆ ನೆಳ್ಳಿಗುಡ್ಡೆಯಾಗಿತ್ತು, ಮಲ್ಲಿಗೆಮಾರು ಮಳ್ಳಿಗೆಮಾರು. ಅಕ್ಷರ ಬಿಡಿಸಿ ಮತ್ತೆ ಕೂಡಿಸುವಾಗ ಪ್ರೋಗ್ರಾಂ 'ಲ್ಲ' ಇದ್ದಲ್ಲೆಲ್ಲ 'ಳ್ಳ' ಹಾಕಿತ್ತು. ಒಟ್ಟು ಹನ್ನೊಂದು ಹೆಸರು. ನನಗೆ ನಗು ಬಂತು. ಪೋಸ್ಟಣ್ಣ ನಗಲಿಲ್ಲ.

"ಬೇರೆಯದ್ದಕ್ಕೆ ನಗಬಹುದು ಮಗಾ. ಆ ಮನೆಯ ಗಂಡಸನ್ನು ಹಿಂದೆ ಒಮ್ಮೆ ಪೊಲೀಸರು ಕರ್ಕೊಂಡು ಹೋಗಿದ್ದರು. ಯಾರದ್ದೋ ತೋಟದ ಪಂಪು ಕಾಣೆಯಾಗಿತ್ತು. ಆಮೇಲೆ ಪಂಪು ಬೇರೆ ಕಡೆ ಸಿಕ್ಕಿತು, ಅವನದ್ದು ಏನೂ ತಪ್ಪಿರಲಿಲ್ಲ. ಆದರೆ ಶಾಲೆಯಲ್ಲಿ ಅವನ ಮಕ್ಕಳನ್ನು ಮಾತ್ರ 'ಕಳ್ಳಮನೆಯವರು' ಅಂತ ಕರೆದರು. ದೊಡ್ಡವನು ಅದೇ ಕಾರಣಕ್ಕೆ ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟ. ಇದು ಹೀಗೆ ಅಚ್ಚಾದರೆ ನಾನು ಆ ದಾರಿಯಲ್ಲಿ ನಡೆಯುವ ಹಾಗಿಲ್ಲ."

ಅದೇ ವಾರ ಮೂಡುಬಿದಿರೆಗೆ ಹೋದೆ. ಮೇಡಂ ನೋಡಿ "ಅಯ್ಯೋ" ಎಂದು ಹಣೆ ಒತ್ತಿಕೊಂಡು ಅಲ್ಲೇ ಸರಿಪಡಿಸಿ ಹೊಸ ಫ್ಲಾಪಿ ಕೊಟ್ಟರು. ಬಂದವಳು ಹೊಸ ಪ್ರೋಗ್ರಾಮನ್ನು ಧಣಿಯ ಫೋಲ್ಡರಿಗೆ ಹಾಕಿ, ಕಪ್ಪು ಕಿಟಕಿ ತೆರೆದು, ಮೂರು ಶಬ್ದ ಟೈಪು ಮಾಡಿ ಓಡಿಸಿದೆ. ಕಲ್ಲಮನೆ ಕಲ್ಲಮನೆಯಾಗಿಯೇ ಬಂತು. ಹನ್ನೊಂದನ್ನೂ ನೋಡಿದೆ, ಪೋಸ್ಟಣ್ಣನಿಗೂ ತೋರಿಸಿದೆ. ಗುಂಡಿ ಓಡಿಸುವುದು ಬೇರೆ ಕಡೆ ಕೂತ ಹಳೆಯ ಪ್ರತಿಯನ್ನು ಎಂಬುದು ನನಗೆ ನೆನಪಿಲ್ಲದೆ ಇರಲಿಲ್ಲ. ನಾಳೆ ಬದಲಾಯಿಸಿದರಾಯಿತು ಎಂದುಕೊಂಡೆ. ಮರುದಿನ ಯಾವುದೋ ಸಂಘದ ಆಮಂತ್ರಣ ಅವಸರದಲ್ಲಿ ಬಂತು. ಅದರ ಮರುದಿನ ಸೋದರತ್ತೆಯ ಮಗಳ ಮದುವೆಗೆಂದು ತೋಡಾರಿಗೆ ಹೊರಟುಹೋದೆ.

ನಾನಿಲ್ಲದ ಆ ದಿನಗಳಲ್ಲಿ ಪೋಸ್ಟಣ್ಣ ಕೊನೆಯದಾಗಿ ಮೂರು ಚೀಟಿ ತಂದರು. ಧಣಿಯೇ ಕೂತು ನಿಧಾನಕ್ಕೆ ಟೈಪು ಮಾಡಿ, ಡಬಲ್ ಕ್ಲಿಕ್ ಮಾಡಿದರು. ಇಡೀ ಪಟ್ಟಿ ಹಳೆಯ ಪ್ರೋಗ್ರಾಮಿನಿಂದ ಹೊಸದಾಗಿ ಹುಟ್ಟಿ ಬಂತು. ಅವರಿಬ್ಬರೂ ಹೊಸ ಮೂರು ಹೆಸರನ್ನು ಮಾತ್ರ ನೋಡಿದರು. ಉಳಿದದ್ದನ್ನು ನೋಡಿ ಆಗಿತ್ತಲ್ಲ. ನಾನು ಮದುವೆ ಮುಗಿಸಿ ಬಂದಾಗ ಯಂತ್ರ ಓಡುತ್ತಿತ್ತು.

ಊರಿನ ಶಾಲೆಯಲ್ಲಿ ಪುಸ್ತಕ ಬಿಡುಗಡೆಯಾಯಿತು, ಪೋಸ್ಟಣ್ಣನಿಗೆ ಶಾಲು ಹೊದೆಸಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಅವಲಕ್ಕಿ ತಿಂದು ಬಂದೆ. ಪುಸ್ತಕವನ್ನು ಬಿಡಿಸಿಯೂ ನೋಡಲಿಲ್ಲ. ಎರಡು ವರ್ಷ ಅದೇ ಹೆಸರುಗಳನ್ನು ನೋಡಿದ ಕಣ್ಣಿಗೆ ಬೇಡವಾಗಿತ್ತು.

ಮೂರನೆಯ ದಿನ ಬೆಳಿಗ್ಗೆ, ಐವತ್ತು ದಾಟಿದ ಒಬ್ಬ ಹೆಂಗಸು ಮುದ್ರಣಾಲಯಕ್ಕೆ ಬಂದರು. ಕೈಯಲ್ಲಿ ಪುಸ್ತಕ. ಹಾಳೆಗೆ ಬಸ್ ಟಿಕೇಟು ಗುರುತಿಟ್ಟು ತಂದಿದ್ದರು. ಮೇಜಿನ ಮೇಲೆ ಬಿಡಿಸಿಟ್ಟು, "ಉಂದು ದಾನೆ?" ಎಂದು ತುಳುವಿನಲ್ಲಿ ಕೇಳಿದರು. ಇದೇನು ಎಂದು. ಅಷ್ಟೇ.

ನೋಡಿದೆ. ದೊಡ್ಡ ಅಕ್ಷರದಲ್ಲಿ ಕಳ್ಳಮನೆ.

ಧಣಿ ಎದ್ದು ಬಂದರು. ಅವರಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, "ಅಕ್ಕಾ, ಇದು ಮನುಷ್ಯರು ಮಾಡಿದ್ದಲ್ಲ. ಕಂಪ್ಯೂಟರಿನ ತಪ್ಪು," ಎಂದರು.

"ಕಂಪ್ಯೂಟರಿಗೆ ನಮ್ಮ ಮನೆ ಗೊತ್ತುಂಟಾ?" ಎಂದು ಆಕೆ ಕೇಳಿದರು. ಈಗ ಕನ್ನಡದಲ್ಲಿ, ಒಂದೊಂದೇ ಶಬ್ದ ಜೋಡಿಸಿ. "ಕೆಳಗೆ ಅಂಗಳದಲ್ಲಿ ಕಲ್ಲು ಇರುವುದರಿಂದ ಈ ಹೆಸರು ಅಂತ ಬರೆದದ್ದುಂಟು. ಮೇಲೆ ದೊಡ್ಡ ಅಕ್ಷರದಲ್ಲಿ ಕಳ್ಳ ಅಂತ ಉಂಟು. ಜನ ಯಾವುದನ್ನು ಓದುವುದು?"

"ತಪ್ಪು ನನ್ನದು ಅಕ್ಕ," ಎಂದೆ. ಎರಡು ಪ್ರತಿ, ಹಳೆಯದು, ಹೊಸದು, ಗುಂಡಿ, ನಾಳೆ ಮಾಡುವ ಎಂದುಕೊಂಡದ್ದು, ಎಲ್ಲವನ್ನೂ ತುಳುವಿನಲ್ಲಿ ಹೇಳಿದೆ. ಹೇಳುತ್ತ ಹೋದಂತೆ ನನಗೇ ಅದು ಹುರುಳಿಲ್ಲದ ಮಾತಾಗಿ ಕೇಳಿಸಿತು. ಆಕೆ ಕೊನೆಯವರೆಗೆ ಕೇಳಿ, "ನಮ್ಮ ದೊಡ್ಡ ಮಗ ಈಗ ಕುವೈತಿನಲ್ಲಿದ್ದಾನೆ. ಅವನಿಗೆ ಒಂದು ಪುಸ್ತಕ ಕಳಿಸುವ ಅಂತ ನಮ್ಮ ಯಜಮಾನರು ಹೋಗಿ ತಂದದ್ದು. ತಂದು, ನೋಡಿ, ಊಟ ಮಾಡದೆ ಮಲಗಿದರು," ಎಂದರು.

ನಾನು ಪೆನ್ನು ತೆಗೆದುಕೊಂಡು, ಎಲ್ಲ ಪುಸ್ತಕದಲ್ಲೂ ತಿದ್ದಿಸುತ್ತೇನೆ ಎಂದೆ.

"ಪೆನ್ನಿನಲ್ಲಿ ತಿದ್ದಿದರೆ ನೋಡದವರೂ ನೋಡ್ತಾರೆ. ಬೇಡ."

ಆ ಮಾತು ಸರಿಯಿತ್ತು. ಧಣಿ ಎರಡನೆಯ ಮಾತಾಡದೆ ಆ ಹಾಳೆಯನ್ನೂ, ಉಳಿದ ಹತ್ತು ಹೆಸರಿದ್ದ ಹಾಳೆಗಳನ್ನೂ ಮತ್ತೆ ಅಚ್ಚು ಹಾಕಿಸಿದರು. ಅದನ್ನು ಅವರು ಮಾಡಿದ್ದಕ್ಕೆ ಹಿಂದಿನ ಎಷ್ಟೋ ಸಿಟ್ಟು ನನ್ನಲ್ಲಿ ಇಳಿಯಿತು. ಮಾರಾಟವಾಗದ ಪುಸ್ತಕಗಳನ್ನು ಮುದ್ರಣಾಲಯದಲ್ಲೇ ಬಿಚ್ಚಿ ಸರಿಮಾಡಿದೆವು. ಹೊರಗೆ ಹೋದವುಗಳ ಗತಿ? ಪೋಸ್ಟಣ್ಣ ಬಂದು ತಪ್ಪಾದ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಆಮೇಲೆ, "ಯಾರ ಮನೆಗೆ ಹೋಗಿದೆ ಅಂತ ನನಗೆ ಗೊತ್ತುಂಟು. ಹಂಚಿದ್ದು ನಾನೇ ಅಲ್ಲವಾ," ಎಂದರು.

ನಾಲ್ಕು ಆದಿತ್ಯವಾರ ಅವರ ಹಿಂದೆ ನಡೆದೆ. ನನ್ನ ಚೀಲದಲ್ಲಿ ಹೊಸ ಹಾಳೆಗಳು, ಬ್ಲೇಡು, ಅಂಟಿನ ಬಾಟಲಿ. ಹಳೆಯ ಹಾಳೆಯನ್ನು ಹೊಲಿಗೆಯ ಹತ್ತಿರ ಬೆರಳಿನಷ್ಟು ಬಿಟ್ಟು ಕತ್ತರಿಸಿ ಹೊಸದನ್ನು ಅಂಟಿಸುವುದು. ಗುರುವಾಯನಕೆರೆಯ ಒಂದು ಹೋಟೆಲಿನವರು ಪುಸ್ತಕವನ್ನು ಬೆಳ್ತಂಗಡಿಯ ಭಾವನಿಗೆ ಕೊಟ್ಟಿದ್ದರು, ಭಾವ ಅದನ್ನು ಇನ್ನೊಬ್ಬರಿಗೆ ಕೊಟ್ಟಿದ್ದರು. ಅಲ್ಲಿಗೆಲ್ಲ ಬಸ್ಸು. ಒಂದು ಪ್ರತಿ ಆಗಲೇ ಮಸ್ಕತ್ತಿಗೆ ಹೋಗಿಯಾಗಿತ್ತು. ಆ ವಿಳಾಸಕ್ಕೆ ಪೋಸ್ಟಣ್ಣ ಹೊಸ ಹಾಳೆಯನ್ನು ಮಡಿಸಿ, ಹಳೆಯದನ್ನು ಹೇಗೆ ತೆಗೆಯಬೇಕೆಂದು ಎರಡು ಪುಟ ಪತ್ರ ಬರೆದು, ಸ್ಟಾಂಪನ್ನು ಹೆಬ್ಬೆರಳಿನಿಂದ ಒತ್ತಿ ಕಳಿಸಿದರು.

ಕತ್ತರಿಸುವುದು ಐದು ನಿಮಿಷದ ಕೆಲಸ. ಆದರೆ ಯಾವ ಮನೆಯಿಂದಲೂ ಒಂದು ಗಂಟೆಗೆ ಮೊದಲು ಹೊರಡಲು ಆಗುತ್ತಿರಲಿಲ್ಲ. ತಪ್ಪು ತಿದ್ದಲು ಬಂದಿದ್ದಾರೆ ಎಂದು ಗೊತ್ತಾದ ಕೂಡಲೇ ಎಲ್ಲರಿಗೂ ತಮ್ಮ ತಮ್ಮ ಮನೆಯ ತಪ್ಪು ನೆನಪಾಗುತ್ತಿತ್ತು. "ನಮ್ಮದು ಅಜ್ಜನ ಕಾಲದ ಹೆಸರಲ್ಲ ಪೋಸ್ಟಣ್ಣ, ಅದಕ್ಕೂ ಹಿಂದಿನದ್ದು." "ಇಲ್ಲಿ ನೆಲ್ಲಿ ಮರ ಯಾವಾಗ ಇತ್ತು? ನೀವು ಯಾರತ್ರ ಕೇಳಿದ್ದು?" ಪೋಸ್ಟಣ್ಣ ಬೇಸರಪಟ್ಟುಕೊಳ್ಳದೆ ಹಳೆಯ ಹಾಳೆಯನ್ನೇ ನನ್ನ ಕೈಯಿಂದ ತೆಗೆದುಕೊಂಡು ಅದರ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದರು. ನನಗೆ ಬಸ್ಸು ತಪ್ಪುತ್ತಿತ್ತು.

ಕೊನೆಯ ಆದಿತ್ಯವಾರ ಕಲ್ಲಮನೆಗೆ ಹೋದೆವು. ಆ ಹೆಂಗಸು ಹೊಸ ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು, ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿ ಗಂಡನಿಗೆ ಕೊಟ್ಟರು. ಅವರು ಜಗಲಿಯಲ್ಲಿ ಕಂಬಕ್ಕೊರಗಿ ಕೂತಿದ್ದರು. ಓದಿ, ಮಡಿಸದೆ, ಮಡಿಲಲ್ಲಿ ಇಟ್ಟುಕೊಂಡರು.

"ಹೊಸ ಪ್ರೋಗ್ರಾಂ ಬಂದ ಮೇಲೆ ಹಳೆಯದ್ದನ್ನು ಅಲ್ಲೇ ಬಿಟ್ಟದ್ದು ಯಾಕೆ?" ಎಂದು ನನ್ನನ್ನು ಕೇಳಿದರು. ಹೆಂಡತಿ ನನ್ನ ಮಾತನ್ನು ಹಾಗೆಯೇ ಅವರಿಗೆ ಒಪ್ಪಿಸಿದ್ದಿರಬೇಕು.

"ಉದಾಸೀನ," ಎಂದೆ.

ಅವರು ತಲೆಯಾಡಿಸಿದರು. ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಆಕೆ ಬೆಲ್ಲ, ನೀರು ತಂದಿಟ್ಟರು. ಕುಡಿದು ಲೋಟ ಇಡಲು ಹೋದರೆ, ಬೆರಳಿಗೆ ಮೆತ್ತಿದ್ದ ಅಂಟಿಗೆ ಅದು ಹಿಡಿದುಕೊಂಡು, ಬಿಡಿಸಲು ಆಗದೆ ಒದ್ದಾಡಿದೆ. ಆಗ ಆಕೆಯ ಗಂಡ ಮೊದಲ ಸಲ ಸ್ವಲ್ಪ ನಕ್ಕರು. ನಗುತ್ತಲೇ ಪೋಸ್ಟಣ್ಣನ ಕಡೆಗೆ ತಿರುಗಿ, "ಅಂಗಳದ ಆ ಕಲ್ಲನ್ನು ನನ್ನ ಅಪ್ಪ ತಂದು ಹಾಕಿದ್ದು. ಬತ್ತ ಬಡಿಯಲಿಕ್ಕೆ. ಮನೆಗೆ ಹೆಸರು ಅದಕ್ಕಿಂತ ಮೊದಲೇ ಇತ್ತು," ಎಂದರು.

"ಹೌದಾ! ಹಾಗಾದರೆ ಯಾವ ಕಲ್ಲು?" ಎಂದು ಪೋಸ್ಟಣ್ಣ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

ಮರುದಿನ ನಾನು ಹಳೆಯ ಪ್ರತಿಯನ್ನು ಅಳಿಸಿದೆ. ಸ್ಕ್ರಿಪ್ಟಿಗೆ ಕೆಲಸ ಮುಗಿದ ಮೇಲೆ ಕಪ್ಪು ಕಿಟಕಿಯನ್ನು ಮುಚ್ಚದೆ ನಿಲ್ಲುವಂತೆ, ಯಾವ ಫೋಲ್ಡರಿನ ಪ್ರೋಗ್ರಾಂ ಓಡಿತು ಎಂದು ಅದರಲ್ಲಿ ಬರೆದು ತೋರಿಸುವಂತೆ ಬದಲಾಯಿಸಿದೆ. ಧಣಿಗೆ ಅದು ಒಂದಿಷ್ಟೂ ಹಿಡಿಸಲಿಲ್ಲ. ಆದರೂ ದಿನಾ ಕನ್ನಡಕ ಹಾಕಿಕೊಂಡು ಆ ಸಾಲನ್ನು ಗಟ್ಟಿಯಾಗಿ ಓದಿ, ಆಮೇಲೆಯೇ ಕಿಟಕಿ ಮುಚ್ಚುತ್ತಿದ್ದರು. ತಿದ್ದುಪಡಿಗಳೆಲ್ಲ ಸೇರಿದ ಎರಡನೆಯ ಮುದ್ರಣ ಬರುವಷ್ಟರಲ್ಲಿ ನಾನು ಮದುವೆಯಾಗಿ ಬೆಳ್ತಂಗಡಿಗೆ ಹೋಗಿದ್ದೆ. ಪೋಸ್ಟಣ್ಣ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿಕೊಟ್ಟರು. ಮೊದಲಿನದ್ದಕ್ಕಿಂತ ನಲವತ್ತು ಪುಟ ಹೆಚ್ಚಿತ್ತು. ಅಷ್ಟನ್ನೂ ಟೈಪು ಮಾಡಿದವರು ಯಾರೋ, ಪಾಪ.